ಅಂಗೈ ಕೂಸುಗಳ ಕ್ಷೇಮಸಮಾಚಾರ

ನಾನು ನರ್ಸು. ಒಂದೂವರೆ ಕಿಲೋ ಕೂಡ ತೂಗದೆ ಹುಟ್ಟಿದ ಮಕ್ಕಳು ಹದಿಹರೆಯಕ್ಕೆ ಬಂದ ಮೇಲೆ ಹೇಗಿದ್ದಾರೆ, ಅವರ ಬದುಕು ಸುಖವಾಗಿದೆಯೇ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಪ್ರಶ್ನೆ ಮಕ್ಕಳಿಗೆ, ಉತ್ತರ ಕೊಡುವವರು ಮಾತ್ರ ಉಳಿದವರೆಲ್ಲ. ಅದೂ ‘ನಮ್ಮ ಕೂಸು ಚಲೋ ಅದ’ ಎಂದರೆ ದೃಷ್ಟಿ ತಾಗುತ್ತದೆ ಎಂದು ಹೆದರುವ ಊರುಗಳು. ಮನೆಯವರ ಮಾತು ನಂಬಿದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ನೆಟ್ಟಗಿರುವ ಮಗು ಒಂದೂ ಇಲ್ಲ. ನಾನು ಹೋದಲ್ಲೆಲ್ಲ ಇದೇ ಹಾಡು.

ಮಾದನಹಿಪ್ಪರಗಾ

ಹುಡುಗ ಹತ್ತನೇ ಕ್ಲಾಸು. ‘ಭಾರ ಎತ್ತಿದರೆ ಸುಸ್ತಾಗ್ತದೇನಪ್ಪ?’ ಎಂದೆ. ಅವನು ಬಾಯಿ ತೆರೆಯುವ ಮೊದಲೇ ತಾಯಿ ಶುರು ಮಾಡಿದರು.

‘ಭಾಳ ಆಗ್ತದ್ರಿ ಸಿಸ್ಟರ್. ಮೈಯಾಗ ಕಸುವೇ ಇಲ್ಲ. ಒಂದು ಕೊಡ ನೀರು ಸೈತ ಎತ್ತಗೊಡಂಗಿಲ್ಲ ನಾ.’

ಅಷ್ಟರಲ್ಲಿ ಹೊರಗಿನಿಂದ ತಂದೆಯ ಕೂಗು: ‘ಲೇ, ಆ ತೊಗರಿ ಚೀಲ ಟಂಟಂದಾಗ ಒಗದು ಬಾ!’ ಹುಡುಗ ಎದ್ದು ಹೋದ. ನನಗಿಂತ ದಪ್ಪಗಿದ್ದ ಚೀಲವನ್ನು ಹೆಗಲಿಗೇರಿಸಿ ಗಾಡಿಗೆ ಹಾಕಿ ಬಂದು ಕೂತ. ನಾನು ತಾಯಿಯ ಮುಖ ನೋಡಿದೆ.

‘ಅದು ತೊಗರಿ ಆತ್ರಿ,’ ಎಂದರು ಅವರು, ಸ್ವಲ್ಪವೂ ಅಳುಕದೆ. ‘ಸಾಲಿ ಬ್ಯಾಗ ಎತ್ತಾಕ ಆಗಂಗಿಲ್ಲ ಅವಂಗ.’

ಹುಡುಗ ಆಗ ಬಾಯಿಬಿಟ್ಟ: ‘ಅದು ಮಾತ್ರ ಖರೇ ಅದ ನೋಡ್ರಿ.’

ಗೊಬ್ಬೂರ

ಇಲ್ಲಿ ಪ್ರಶ್ನೆ ಮುಗಿಸುವಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತರು. ಮುಖದಲ್ಲಿ ಸಿಟ್ಟು.

‘ನಮ್ಮನಿಗಿ ಯಾಕ ಬರಲಿಲ್ರಿ?’

‘ನಿಮ್ಮ ಮಗ ಹುಟ್ಟಿದಾಗ ತೂಕ ಸರಿಯಾಗಿತ್ತಲ್ಲಮ್ಮ.’

‘ಹೌದ್ರಿ, ಕುಂಬಳಕಾಯಿ ಇದ್ದಂಗಿದ್ದ. ಈಗ ಡಿಗ್ರಿ ಮುಗಿಸಿ ಮೊಬೈಲ್ ನೋಡ್ಕೋತ ಮಕ್ಕೊಂಡಾನ. ಅವನ ಬಾಳೇವು ಹ್ಯಾಂಗದ ಅಂತ ಕೇಳೋರು ಯಾರೂ ಇಲ್ಲೇನ್ರಿ? ದಪ್ಪಗ ಹಡೆದದ್ದ ನಂದು ತಪ್ಪಾತೇನು?’

ಅವರ ಮನೆಗೂ ಹೋಗಿ ಚಹಾ ಕುಡಿದು, ಮಲಗಿದ್ದವನನ್ನು ಎಬ್ಬಿಸಿ ‘ಹೇಗಿದ್ದೀಯಪ್ಪ?’ ಎಂದೆ. ‘ಆಮ್ಯಾಲ ಬರ್ರಿ,’ ಎಂದು ಮಗ್ಗುಲು ಬದಲಿಸಿದ.

ಕರಜಗಿ

ಈ ಹುಡುಗಿಯನ್ನು ನಾನು ಮರೆತಿರಲಿಲ್ಲ. ಹುಟ್ಟಿದಾಗ ನಮ್ಮ ವಾರ್ಡಿನಲ್ಲಿ ಎಲ್ಲರಿಗಿಂತ ಸಣ್ಣದು. ಅಜ್ಜಿಯೇ ಎದೆಗೆ ಕಟ್ಟಿಕೊಂಡು ಬೆಚ್ಚಗೆ ಕಾದು ಉಳಿಸಿಕೊಂಡಿದ್ದರು. ಈಗ ಆಕೆ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಾಳೆ. ಮರುದಿನ ಜೇವರ್ಗಿಯಲ್ಲಿ ಪಂದ್ಯ. ಅಪ್ಪ ಅವ್ವ ಹೂಂ ಎಂದಿದ್ದರು, ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

‘ಆಯಿಗಿ ನೀವಾದ್ರೂ ಹೇಳ್ರಿ,’ ಎಂದು ಹುಡುಗಿ ನನ್ನ ಸೆರಗು ಹಿಡಿದಳು. ಕಣ್ಣಲ್ಲಿ ನೀರಿತ್ತು. ಉಳಿಸಿಕೊಂಡ ಕೈಯೇ ಹೀಗೆ ಕಟ್ಟಿಹಾಕಿದರೆ ಏನು ಹೇಳುವುದು?

‘ಅಂಗೈಯಾಗ ಹಿಡದೀನ್ರಿ ಇಕಿನ್ನ,’ ಎಂದರು ಅಜ್ಜಿ. ‘ಯಾರರ ಜಗ್ಗಿ ಕೆಡವಿದ್ರ?’ ನಾನು ವೈದ್ಯಶಾಸ್ತ್ರವನ್ನೆಲ್ಲ ಒಪ್ಪಿಸಿದೆ. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಕೇಳಿ, ಎದ್ದು ಅಂಗಳಕ್ಕೆ ಇಳಿದರು. ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಸೀರೆ ಎತ್ತಿ ಕಟ್ಟಿ ನಿಂತರು.

‘ಬಾ ಬೇ. ನಾ ಹಿಡಿತೀನಿ. ತಪ್ಪಿಸ್ಕೊಂಡು ಗೆರಿ ದಾಟಿದ್ರ ಹೋಗು. ಇಲ್ಲಂದ್ರ ಮನ್ಯಾಗಿರು.’

ಹುಡುಗಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಬಂದಳು. ಅಜ್ಜಿ ಸೊಂಟಕ್ಕೆ ಹಾಕಿದ ಪಟ್ಟು ಬಿಗಿಯಾಗಿಯೇ ಇತ್ತು. ನೂಕಿ ಬಿಡಿಸಿಕೊಂಡರೆ ಅಜ್ಜಿ ಬೀಳುತ್ತಾರೆ. ಹುಡುಗಿ ಒಂದು ಗಳಿಗೆ ಯೋಚಿಸಿ, ಅಜ್ಜಿಯನ್ನು ಹಾಗೆಯೇ ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಉಸಿರು ಬಿಡದೆ ಗೆರೆಯತ್ತ ನಡೆದಳು.

ಅಜ್ಜಿ ಮೇಲಿನಿಂದಲೇ ಕಿರುಚುತ್ತಿದ್ದರು: ‘ಇಳಸಬೇ! ನೀ ಭಾಳ ನಾಜೂಕ ಅದಿ!’

ಗೆರೆ ದಾಟಿದ ಮೇಲೆಯೇ ಇಳಿಸಿದಳು. ಅಜ್ಜಿ ಸೆರಗು ಸರಿಮಾಡಿಕೊಂಡು, ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಲಕ್ಕೆ ಬುತ್ತಿ ಕಟ್ಟಲು ಒಳಗೆ ಹೊರಟರು. ಹೊಸ್ತಿಲಲ್ಲಿ ನಿಂತು ನನ್ನ ಕಿವಿಯ ಬಳಿ ಮೆಲ್ಲಗೆ ಅಂದರು:

‘ಸಿಸ್ಟರ್, ಜೇವರ್ಗಿ ಹುಡುಗ್ಯಾರು ಹುಟ್ಟಿದಾಗ ಎಷ್ಟು ತೂಕ ಇದ್ರು, ಮೊದಲ ಅದನ್ನ ಕೇಳ್ಕೊಂಡು ಬರ್ರಿ. ಪಾಪ, ನಮ್ಮ ಹುಡುಗಿ ಕೈಯಾಗ ಸಿಕ್ರ ಉಳಿಬೇಕಲ್ರಿ!’