ಇಂಗರ್ ಹೆಸರಿನ ಕಲ್ಲು

ಗೇಟಿನ ಪಕ್ಕ ಹೆಂಡತಿಯ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸೋಣ ಎಂದು ಟೋರ್ಬೆನ್‌ಗೆ ಯಾವ ಗಳಿಗೆಯಲ್ಲಿ ಹೊಳೆಯಿತೋ, ಆ ಗಳಿಗೆಯೇ ಸರಿಯಿರಲಿಲ್ಲ.

ಟೋರ್ಬೆನ್ ಡೆನ್ಮಾರ್ಕಿನವನು. ಜೀವಮಾನವಿಡೀ ಚಳಿ ತಿಂದು ಸಾಕಾಗಿ, ನಿವೃತ್ತಿಯಾದದ್ದೇ ತಡ ಕೆರಿಬಿಯನ್ ಕಡಲಿನ ಕಾರಿಯಾಕೂ ದ್ವೀಪಕ್ಕೆ ಬಂದಿಳಿದು, ಲೆಸ್ಟೇರ್ ಹಳ್ಳಿಯಲ್ಲಿ ಕಡಲಿಗೆ ಮುಖ ಮಾಡಿದ ಪುಟ್ಟ ಮನೆ ಹಿಡಿದಿದ್ದ. ಹೆಂಡತಿ ಇಂಗರ್ ಮಾತ್ರ ಜೊತೆಗೆ ಹೊರಟಿರಲಿಲ್ಲ. ಅವಳಿಗೆ ಡೆನ್ಮಾರ್ಕಿನಲ್ಲಿ ಉಣ್ಣೆಯ ಅಂಗಡಿ. "ಒಂದು ವಾರಕ್ಕೆ ಬಂದು ನೋಡ್ತೀನಿ. ಹಿಡಿಸಿದ್ರೆ ಅಲ್ಲೇ ಇರೋಣ. ಇಲ್ಲಾಂದ್ರೆ ನೀನೂ ಗಂಟುಮೂಟೆ ಕಟ್ಕೊಂಡು ನನ್ನ ಹಿಂದೆ ಬರ್ಬೇಕು" ಎಂದು ಕರಾರು ಮಾಡಿದ್ದಳು.

ಅವಳು ಬರುವ ದಿನ ಬಂದೇಬಿಟ್ಟಿತ್ತು. ಮಧ್ಯಾಹ್ನದ ಹಡಗಿಗೆ ಟೋರ್ಬೆನ್ ಬೆಳಿಗ್ಗೆಯೇ ಬೂಟು ಹಾಕಿ ಸಿದ್ಧನಾಗಿದ್ದ, ಪ್ರವಾಸದ ದಿನ ಎಲ್ಲರಿಗಿಂತ ಮೊದಲೆದ್ದು ಚೀಲ ಹೆಗಲಿಗೇರಿಸಿಕೊಳ್ಳುವ ಶಾಲೆ ಮಕ್ಕಳ ಹಾಗೆ. ಕಿಟಕಿಗಳಿಗೆ ನೀಲಿ ಬಣ್ಣ ಬಳಿದಾಗಿತ್ತು. ಮಂಚಕ್ಕೆ ಇಂಗರ್ ತಾನೇ ಅಂಚು ಹೆಣೆದುಕೊಟ್ಟಿದ್ದ ಬಿಳಿ ಹೊದಿಕೆ ಹಾಸಿದ್ದಾಗಿತ್ತು. ಉಳಿದದ್ದು ಕಲ್ಲೊಂದೇ.

ಕಲ್ಲು ಕೆತ್ತಲು ಊರಿಗೆಲ್ಲ ಇದ್ದವನು ಕತ್‌ಬರ್ಟ್ ಒಬ್ಬನೇ. ಅವನು ಈ ತನಕ ಯಾರ ಗೇಟಿಗೂ ಕಲ್ಲು ಕೆತ್ತಿದವನಲ್ಲ ಎಂಬುದನ್ನು ಟೋರ್ಬೆನ್ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ಪಕ್ಕದ ಮನೆಯ ಟಾಂಟಿ ಯೂಲಾಗೆ ಹೇಳಿದ್ದ. ಊರಿಗೆಲ್ಲ ಟಾಂಟಿ, ಅಂದರೆ ಚಿಕ್ಕಮ್ಮನಾದ ಆಕೆಯ ಕಿವಿಗೆ ಬಿದ್ದ ಮೇಲೆ ಬೇರೆ ಡಂಗುರ ಬೇಕಿರಲಿಲ್ಲ.

ಟೋರ್ಬೆನ್ ಅಂಗಡಿಗೆ ಹೋಗಿ ಕಾಫಿಪುಡಿ ತರುವಷ್ಟರಲ್ಲಿ ಕಲ್ಲು ಬಂದಿತ್ತು. ಗೇಟಿನ ಹತ್ತಿರ ನೋಡಿದ, ಇಲ್ಲ. ಅಂಗಳದಲ್ಲೂ ಇಲ್ಲ. ಮಲಗುವ ಕೋಣೆಗೆ ಇಣುಕಿದರೆ, ಮಂಚದ ಮೇಲೆ, ದಿಂಬಿಗೆ ತಲೆಯಿಟ್ಟು, ಇಂಗರಳ ಹೊದಿಕೆಯನ್ನು ಕುತ್ತಿಗೆಯವರೆಗೆ ಹೊದ್ದುಕೊಂಡು ಕಲ್ಲು ಮಲಗಿತ್ತು. ಅದರ ಹಣೆಯ ಮೇಲಿಂದ ರಮ್ ಇಳಿಯುತ್ತಿತ್ತು. ಅದು ಅಂತಿಂಥ ರಮ್ ಅಲ್ಲ, ಐಸ್ ಹಾಕಿದರೆ ತೇಲದೆ ತಳಕ್ಕೆ ಮುಳುಗುವಷ್ಟು ಖಡಕ್ಕಾದದ್ದು.

ಟೋರ್ಬೆನ್ ಹಿತ್ತಲಿಗೆ ಓಡಿದ. ಅಲ್ಲಿ ಮೂರು ಕಲ್ಲಿನ ಒಲೆಗಳ ಮೇಲೆ ಕೊಪ್ಪರಿಗೆಗಳು ಏರಿದ್ದವು. ಅವನು ಹೆಸರು ಸಹ ಅರಿಯದ ಹೆಂಗಸರು ತೊಗರಿಕಾಳು ಸುಲಿಯುತ್ತಿದ್ದರು. ಬೇಲಿಗೆ ಕಟ್ಟಿದ್ದ ಕುರಿ ಅವನನ್ನೇ ನೋಡಿ ಕೂಗುತ್ತಿತ್ತು, ನೀನಾದರೂ ಬಿಡಿಸು ಎಂಬಂತೆ.

"ಯಾರು ಅದನ್ನ ನನ್ನ ಮಂಚದ ಮೇಲಿಟ್ಟಿದ್ದು?" ಎಂದು ಕಿರುಚಿದ.

ಯಾರೂ ತಲೆಯೆತ್ತಲಿಲ್ಲ. ಟಾಂಟಿ ಯೂಲಾ ಸೌಟು ಕೊಡವಿ, "ಮೊದಲು ಗುಡ್ ಮಾರ್ನಿಂಗ್" ಎಂದಳು.

"ಗುಡ್ ಮಾರ್ನಿಂಗ್ ಟಾಂಟಿ. ಯಾರು..."

"ಒಬ್ಬಳಿಗೇನಾ? ಇಲ್ಲಿ ಇಷ್ಟು ಜನ ಕೂತಿದಾರೆ."

ಟೋರ್ಬೆನ್ ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಿ ಮುಗಿಸುವಷ್ಟರಲ್ಲಿ ಕುರಿಯ ಕೂಗು ನಿಂತಿತ್ತು.

"ಹೆಸರಿನ ಕಲ್ಲು ಮನೆಗೆ ಬಂದ ಮೇಲೆ ಗೋಡೆಗೆ ಒರಗಿಸಿ ಇಡಕ್ಕಾಗುತ್ತಾ ಮಗನೇ?" ಎಂದಳು ಟಾಂಟಿ. "ಒಂದು ದಿನ ಮಂಚದ ಮೇಲೆ ಮಲಗಿಸ್ಬೇಕು, ರಮ್ಮು ನೀರು ಚಿಮುಕಿಸ್ಬೇಕು, ಊರಿಗೆ ಕಲ್ಲೂಟ ಹಾಕ್ಬೇಕು, ಡೋಲು ಬಡೀಬೇಕು. ಆಮೇಲಲ್ವಾ ಗುಡ್ಡದ ಮೇಲೆ ಸಮಾಧಿಗೆ ನೆಡೋದು? ನೀನು ಪರದೇಶಿ, ಮಾಡೋರು ದಿಕ್ಕಿಲ್ಲ. ಅದಕ್ಕೇ ನಾವೇ ಬಂದ್ವಿ."

"ಸಮಾಧಿಗೆ? ಯಾರ ಸಮಾಧಿ? ನನ್ನ ಹೆಂಡತಿ ಸತ್ತಿಲ್ಲ ಟಾಂಟಿ!"

ಹೆಂಗಸರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಟಾಂಟಿ ಅವನ ತಲೆಯನ್ನು ಎಳೆದು ತನ್ನ ವಿಶಾಲವಾದ ಎದೆಗೆ ಒತ್ತಿಕೊಂಡಳು. "ನಿಜ ಕಂದಾ. ಪ್ರೀತಿ ಮಾಡಿದೋರು ಎಲ್ಲಿ ಸಾಯ್ತಾರೆ?"

"ಹಾಗಲ್ಲ! ಉಸಿರಾಡ್ತಿದಾಳೆ!"

"ಆಡ್ತಾಳೆ, ಆಡ್ತಾಳೆ. ದಿನಾ ಸಂಜೆ ಕಿಟಕೀಲಿ ಅವಳ ಫೋಟೋ ಮುಂದೆ ಮೇಣದಬತ್ತಿ ಹಚ್ಚಿ ಕೂರ್ತೀಯಲ್ಲ, ನಾನೇನು ಕುರುಡಿನಾ? ನೋಡಿ ಕರುಳು ಕಿತ್ತು ಬರ್ತಿತ್ತು."

ಟೋರ್ಬೆನ್‌ನ ಊರಿನಲ್ಲಿ ಕಾಫಿ ಕುಡಿಯುವುದಕ್ಕೂ ಜನ ಮೇಣದಬತ್ತಿ ಹಚ್ಚುತ್ತಾರೆ. ಲೆಸ್ಟೇರ್‌ನಲ್ಲಿ ಹಚ್ಚುವುದು ಗೋರಿಗಳ ಮೇಲೆ. ಇದನ್ನು ವಿವರಿಸಲು ಬಾಯಿ ತೆರೆದರೆ ಟಾಂಟಿ ಅದರೊಳಗೆ ಬಾಳೆಹಣ್ಣಿನ ಬಿಸಿ ಬೋಂಡಾ ತುರುಕಿದಳು. "ತಿನ್ನು. ಖಾಲಿ ಹೊಟ್ಟೇಲಿ ದುಃಖ ನೆತ್ತಿಗೇರುತ್ತೆ."

ಕಲ್ಲು ಕೆತ್ತಿದವನಾದರೂ ಮಾತು ಕೇಳಿಯಾನು ಎಂದು ಟೋರ್ಬೆನ್ ಒಲೆಯ ಪಕ್ಕ ನಿಂತಿದ್ದ ಕತ್‌ಬರ್ಟ್‌ನ ತೋಳು ಹಿಡಿದ. "ಗೇಟಿಗೆ ಅಂತ ಹೇಳಿದ್ದೆನಲ್ಲ ಮಾರಾಯ!"

"ಹೇಳಿದ್ರಿ ಮಿಸ್ಟರ್ ಟೋರ್ಬೆನ್. ದುಃಖದಲ್ಲಿರೋರು ಏನೇನೋ ಹೇಳ್ತಾರೆ. ಒಬ್ಬರು ಗಂಡನ ಕಲ್ಲಿನ ಮೇಲೆ ಸಾಲಗಾರರ ಹೆಸರು ಕೆತ್ತು ಅಂದಿದ್ರು. ಕೆತ್ತೋಕಾಗುತ್ತಾ?"

ಅಷ್ಟರಲ್ಲಿ ಡೋಲುಗಳು ಬಂದವು. ಟೋರ್ಬೆನ್ ಹೊತ್ತು ನೋಡಿದ. ಹಡಗು ಬರುವ ಸಮಯ! ಗೇಟಿನತ್ತ ಓಡಿದರೆ ಇಬ್ಬರು ದಾಂಡಿಗ ಬೆಸ್ತರು ಅಡ್ಡ ನಿಂತರು. ಕಲ್ಲು ಮನೆಯೊಳಗಿರುವಾಗ ಗಂಡನಾದವನು ಗೇಟು ದಾಟಬಾರದಂತೆ. ಹಾಗೆಂದು ಟಾಂಟಿ ಆಗ ತಾನೇ ತೀರ್ಮಾನಿಸಿದ್ದಳು.

"ಬಿಡ್ರೋ! ನನ್ನ ಹೆಂಡತಿ ಬರ್ತಿದಾಳೆ! ಕರ್ಕೊಂಡು ಬರ್ಬೇಕು!"

"ಬಂದೇ ಬರ್ತಾಳೆ ಮಗನೇ" ಎಂದಳು ಟಾಂಟಿ, ಕಣ್ಣೊರೆಸಿಕೊಳ್ಳುತ್ತ. "ಬರ್ಲಿ ಅಂತಾನೇ ಡೋಲು ಬಡೀತಿರೋದು. ಜೋರಾಗಿ ಬಡೀರೋ! ದೂರದ ಊರವಳು, ಕೇಳಿಸ್ಬೇಕು!"

ಡೋಲಿನ ಸದ್ದಿಗೆ ಕಿಟಕಿಗಳ ನೀಲಿ ಬಣ್ಣ ಉದುರಿತು. ಊರಿಗೆ ಊರೇ ಅಂಗಳಕ್ಕೆ ಬಂದು ಕುಣಿಯತೊಡಗಿತು. ಒಳಗಿನ ಮೇಜಿಗೆ ಬಿಳಿ ಬಟ್ಟೆ ಹಾಸಿ, ಅಗಲಿದವರಿಗೆಂದು ತಟ್ಟೆ ಬಡಿಸಿಟ್ಟರು: ಉಪ್ಪಿಲ್ಲದ ಕುರಿಮಾಂಸ, ಉಂಡೆ ಕಟ್ಟಿದ ಅನ್ನ, ಜೋಳದ ಹಿಟ್ಟಿನ ಮುದ್ದೆ. ಟೋರ್ಬೆನ್ ಮೆಟ್ಟಿಲ ಮೇಲೆ ಕುಸಿದು, ತಲೆ ಹಿಡಿದು ಕೂತ. ವಾಪಸ್ ಹೋಗುವುದು ಖಂಡಿತವಾಗಿತ್ತು. ಮತ್ತೆ ಕತ್ತಲು, ಮತ್ತೆ ಹಿಮ, ಮತ್ತೆ ಉಣ್ಣೆಯ ವಾಸನೆ. ಅವನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. "ಅಳಲಿ ಬಿಡ್ರೇ, ಹಗುರಾಗ್ಲಿ" ಎಂದರು ಹೆಂಗಸರು.

ಆಗ ಸಿಲ್ವನ್‌ನ ಮಿನಿಬಸ್ಸು ಹಾರ್ನು ಹೊಡೆಯುತ್ತ ಬಂದು ಗೇಟಿಗೆ ನಿಂತಿತು. "ಟಾಂಟೀ, ಹಡಗಿಂದ ಒಬ್ಬ ನೆಂಟರನ್ನ ಕರ್ಕೊಂಡು ಬಂದಿದೀನಿ! ಪಾಪ, ಯಾರ ಕಲ್ಲೂಟ ಅಂತಾನೇ ಗೊತ್ತಿಲ್ಲವಂತೆ. ದಾರಿ ಉದ್ದಕ್ಕೂ ಹೇಳ್ತಾ ಬಂದೆ, ಬಿಳಿಯನ ಹೆಂಡತಿ ಎಂಥಾ ದೇವತೆ ಆಗಿದ್ಳು ಅಂತ!"

ಬಸ್ಸಿನಿಂದ, ಕೈಯಲ್ಲಿ ಉಣ್ಣೆಯ ಕೋಟು ಹಿಡಿದುಕೊಂಡು, ಇಂಗರ್ ಇಳಿದಳು.

ಟಾಂಟಿ ಅವಳನ್ನು ನೋಡಿದಳು. ಕಿಟಕಿಯ ಫೋಟೋ ನೋಡಿದಳು. ಮತ್ತೆ ಅವಳನ್ನು ನೋಡಿದಳು. ಸೌಟು ಕೈಜಾರಿತು. ಡೋಲು ನಿಂತಿತು. ಕುಣಿಯುತ್ತಿದ್ದವರ ಕಾಲು ಎತ್ತಿದಲ್ಲೇ ಉಳಿಯಿತು.

ಇಂಗರ್ ಒಳಗೆ ಹೋದಳು. ಮಂಚ ನೋಡಿದಳು, ತನ್ನ ಹೊದಿಕೆ ನೋಡಿದಳು, ಅದರ ತುದಿ ಎತ್ತಿ ಹೆಸರು ಓದಿದಳು.

"ಟೋರ್ಬೆನ್, ಸತ್ತಿರೋದು ಯಾರು?"

"ನೀನೇ" ಎಂದ ಟೋರ್ಬೆನ್.

ಮೊದಲು ಚೇತರಿಸಿಕೊಂಡವಳು ಟಾಂಟಿ. ಹತ್ತಿರ ಬಂದು ಇಂಗರಳ ಕೆನ್ನೆ ಗಟ್ಟಿಯಾಗಿ ಚಿವುಟಿ ನೋಡಿದಳು. "ಅಯ್ಯೋ, ಬಿಸಿ ಇದಾಳೆ! ನನ್ನ ಯೌವನದಿಂದ ಡೋಲು ಬಡಿಸಿ ಎಷ್ಟೋ ಜನರನ್ನ ಕರ್ದಿದೀನಿ ತಾಯೀ. ಬಸ್ಸಲ್ಲಿ ಬಂದವಳು ನೀನೊಬ್ಬಳೇ! ಕೂತ್ಕೋ, ನಿನ್ನ ತಟ್ಟೆ ಆಗಲೇ ಬಡಿಸಿದೆ. ಯಾರಾದ್ರೂ ಒಂದು ಚಿಟಿಕೆ ಉಪ್ಪು ತನ್ರೋ, ಜೀವ ಇರೋರಿಗೆ ಬೇಕಾಗುತ್ತೆ!"

ಇಂಗರ್ ಒಂದು ಕ್ಷಣ ಎಲ್ಲರ ಮುಖ ನೋಡಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಆಮೇಲೆ ಕೂತು ಉಂಡಳು. ಎರಡನೇ ಸಲ ಬಡಿಸಿಕೊಂಡಳು. ಐಸ್ ಮುಳುಗುವ ರಮ್ ಕುಡಿದು ಕೆಮ್ಮಿ, ಇನ್ನೊಂದು ಲೋಟ ಚಾಚಿದಳು. ಹೊತ್ತು ಇಳಿಯುವಷ್ಟರಲ್ಲಿ ಕೋಟು ಬೇಲಿಯ ಮೇಲಿತ್ತು, ಅವಳು ಡೋಲಿನ ಮುಂದೆ ಟಾಂಟಿಯ ಕೈಹಿಡಿದು ಸುತ್ತುತ್ತಿದ್ದಳು.

"ಕಳೆದ ಚಳಿಗಾಲ ಜ್ವರದಲ್ಲಿ ಮಲಗಿದಾಗ ನಮ್ಮ ಬೀದೀಲಿ ಒಬ್ಬರೂ ಬಾಗಿಲು ತಟ್ಟಲಿಲ್ಲ" ಎಂದಳು ಏದುಸಿರು ಬಿಡುತ್ತ. "ಇಲ್ಲಿ ಮುಖ ನೋಡದೇನೇ ನನಗೋಸ್ಕರ ಕುರಿ ಕಡಿದಿದಾರೆ. ಟೋರ್ಬೆನ್, ನಾನು ಇಲ್ಲೇ ಇರ್ತೀನಿ!"

ಟೋರ್ಬೆನ್ ಖುಷಿಗೆ ನೆಲ ಬಿಟ್ಟು ಎರಡಡಿ ಹಾರಿದ.

ಕೆಳಗಿಳಿಯುವುದರೊಳಗೆ ಇಂಗರ್ ಮಾತು ಮುಂದುವರಿಸಿದ್ದಳು. "ಆದ್ರೆ ಅಂಗಡಿ ತುಂಬಾ ಉಣ್ಣೆ ಇದೆ. ಅದೆಲ್ಲ ಮಾರಿ ಹೋಗ್ಬೇಕಲ್ಲ. ವಾರ ಕಳೆದ್ಮೇಲೆ ನಾನೇ ವಾಪಸ್ ಹೋಗೋದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿದ್ದೆ. ಈಗ ನನ್ನ ಬದಲು ನೀನೇ ಹೋಗಿ ಮಾರ್ಕೊಂಡು ಬಾ. ನಿಂಗೆ ಹೇಗೂ ಚಳಿ ಅಭ್ಯಾಸ ಇದೆ."

"ಎಷ್ಟು ದಿನ?" ಎಂದ ಟೋರ್ಬೆನ್.

"ಎಷ್ಟೋ. ಎರಡು ಚಳಿಗಾಲ ಅನ್ನು."

ಹಾಗೆಂದು ಅವಳು ಚೀಲದಿಂದ ಗಂಡನ ಫೋಟೋ ತೆಗೆದು, ತನ್ನ ಫೋಟೋ ಇದ್ದ ಜಾಗದಲ್ಲಿಟ್ಟು, ಅದರ ಮುಂದಿನ ಮೇಣದಬತ್ತಿ ಹಚ್ಚಿದಳು. ಈಗಿನಿಂದಲೇ ಅಭ್ಯಾಸವಾಗಲಿ ಎಂದು. ನೋಡಿದ ಹೆಂಗಸರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು.

ಹೊರಗೆ ಗೇಟಿನ ಪಕ್ಕ ಇಂಗರಳ ಕಲ್ಲನ್ನು ನೆಟ್ಟು ಕೈ ಕೊಡವುತ್ತಿದ್ದ ಕತ್‌ಬರ್ಟ್ ಕಿಟಕಿಯ ಬೆಳಕು ಕಂಡು ಟೋಪಿ ತೆಗೆದ. ನಿಧಾನವಾಗಿ ಒಳಗೆ ಬಂದು, ಟೋರ್ಬೆನ್‌ನ ಹೆಗಲ ಮೇಲೆ ಕೈಯಿಟ್ಟ.

"ಪಕ್ಕದಲ್ಲಿ ಜಾಗ ಬಿಟ್ಟಿದೀನಿ ಮಿಸ್ಟರ್ ಟೋರ್ಬೆನ್. ನಿಮ್ಮ ಹೆಸರಲ್ಲಿ ಎಷ್ಟು ಅಕ್ಷರ?"