ಛತ್ರಿ ಹಿಡಿದು ರಂಟೆ ಹೊಡೆದವರು

ಛತ್ರಿ ಹಿಡಿದು ರಂಟೆ ಹೊಡೆದವರು, ಅಂದರೆ ನೇಗಿಲು ಹೂಡಿದವರು, ಭೂಮಿಯ ಮೇಲೆ ಒಬ್ಬರೇ: ನಮ್ಮ ಕಾಕಾ! ನಂಬಿಕೆ ಬರದಿದ್ದರೆ ಅಣ್ಣಿಗೇರಿಯ ಆ ಎತ್ತುಗಳನ್ನೇ ಕೇಳಬಹುದಿತ್ತು. ಪಾಪ, ಈಗ ಅವೂ ಇಲ್ಲ.

ಎಪ್ಪತ್ತರ ದಶಕದಲ್ಲಿ, ಉಳುವವನೇ ಹೊಲದ ಒಡೆಯ ಎಂಬ ಕಾನೂನು ಬಂತು. ನಮ್ಮ ಕಪ್ಪು ಮಣ್ಣಿನ ಎರಿ ಹೊಲವನ್ನು ಫಕೀರಪ್ಪನ ಮನೆಯವರು ಅಜ್ಜನ ಕಾಲದಿಂದ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದರು. ಕಾಕಾನ ಕೆಲಸವೇನು? ಬದುವಿನ ಮೇಲೆ ಕೂತು ಸುಟ್ಟ ಎಳೆ ಜೋಳದ ಸೀತನಿ ತಿನ್ನುವುದು! ಫಕೀರಪ್ಪ ಹೊಲ ಕೇಳಿ ಅರ್ಜಿ ಹಾಕಿದ. ತಾನೇ ಉಳುತ್ತೇನೆಂದು ಕಾಕಾ ಎದುರು ನಿಂತರು. ಭೂನ್ಯಾಯ ಮಂಡಳಿಯ ಸಾಹೇಬರು ಹೊಲಕ್ಕೇ ಬಂದು ನೋಡುತ್ತಾರೆಂದು ತಿಳಿದಾಗ ಕಾಕಾ ತಲೆಗೆ ಕೈ ಹಚ್ಚಿ ಕೂತುಬಿಟ್ಟರು.

ಈಗ ರಂಟೆ ಕಲಿಯಬೇಕು. ಯಾರ ಹತ್ತಿರ? ನೇರ ಫಕೀರಪ್ಪನ ಮನೆಗೇ ಹೋದರು.

"ಲೇ ಫಕೀರಾ, ನಿನ್ನ ಮ್ಯಾಲೆ ಕೇಸು ಗೆಲ್ಲಬೇಕಾಗೇತಿ. ರಂಟಿ ಹೊಡಿಯೂದು ಕಲಸು."

"ಆತ್ರಿ ಧಣ್ಯಾರ. ಎತ್ತು ಎಲ್ಲಿ ಅದಾವ್ರಿ?"

"ನಿನ್ನವಽ ಕೊಡು."

ಕೊಟ್ಟ! ಇಂಥ ಎದುರುಪಾರ್ಟಿ ಯಾರಿಗೆ ಸಿಗುತ್ತಾನೆ ಹೇಳಿ.

ಸಾಹೇಬರು ಬಂದ ದಿನ ಕಾಕಾ ಕೋಟು ರುಮಾಲಿನಲ್ಲಿ ಸಜ್ಜಾಗಿದ್ದರು. ಒಂದು ಕೈಯಲ್ಲಿ ರಂಟೆಯ ಮೇಳಿ, ಇನ್ನೊಂದರಲ್ಲಿ ಛತ್ರಿ. ಎತ್ತು ಅಗದಿ ಚಲೋ ಹೊರಟವು. ತೊಂದರೆ ಇಷ್ಟೇ, ಕಾಕಾ ನಿಲ್ಲಿಸುವುದನ್ನು ಕಲಿತಿರಲಿಲ್ಲ. ನಮ್ಮ ಹೊಲ ಮುಗಿಯಿತು, ಬಾಜು ಹೊಲ ಶುರುವಾಯಿತು, ಛತ್ರಿ ಹಾರಿತು!

"ಫಕೀರಾ, ನಿಲ್ಲಸಲೇ ಇವನ್ನ!"

ಸಾಹೇಬರ ಪಕ್ಕದಲ್ಲಿ ನಿಂತಿದ್ದ ಫಕೀರಪ್ಪ ಬಾಯಿತಪ್ಪಿ "ಹೋ" ಅಂದ. ಎತ್ತು ನಿಂತವು. ಸಾಹೇಬರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹೊಲ ಫಕೀರಪ್ಪನದಾಯಿತು. ಕಾಕಾ ಅವನೊಂದಿಗೆ ಮಾತು ಬಿಟ್ಟರು, ಹೊಲದ ಕಡೆ ಹೋಗುವುದನ್ನೂ ಬಿಟ್ಟರು. ಹಿಂಗಾರಿ ಮಳೆ ಬಂದು ಊರೆಲ್ಲ ಜೋಳ ಬಿತ್ತಿತು. ಫಕೀರಪ್ಪನ ಬಿತ್ತುವ ಕೂರಿಗೆ ಮಾತ್ರ ಸುಮ್ಮನೆ ನಿಂತಿತ್ತು. ಎರಿ ಒಣಗಿದರೆ ಅವನ ವರ್ಷದ ಬೆಳೆಯೇ ಹೋದಂತೆ. ಕಾಕಾನಿಗೆ ಮನೆಯಲ್ಲಿ ಕೂಡಲಾಗಲಿಲ್ಲ, ಬೈಯುತ್ತಲೇ ಹೊಲದ ಕಡೆ ಓಡಿದರು. ನಾನೂ ಹಿಂದೆ ಓಡಿದೆ.

"ಹದಾ ಹೊಂಟೈತಿ, ಯಾಕ ಬಿತ್ತವಲ್ಲಿ?"

ನಮ್ಮ ಕಡೆ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜವನ್ನು ಮನೆಯ ಹಿರಿಯರೇ ಹಾಕಬೇಕು. ಫಕೀರಪ್ಪ ಬೀಜದ ಉಡಿ ಬಿಚ್ಚಿ ಕಾಕಾನ ಮುಂದೆ ಹಿಡಿದ.

"ನಮ್ಮಪ್ಪ ಹ್ವಾದ ಮ್ಯಾಲೆ ನಮ್ಮ ಮನ್ಯಾಗ ಹಿರ್ಯಾರು ಯಾರದಾರ್ರಿ?"

ಕಾಕಾ ಚಪ್ಪಲಿ ಕಳಚಿ ಹೊಲಕ್ಕಿಳಿದರು. ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಅವರು ಹಾಕಿದ ಹಿಡಿಯಲ್ಲಿ ಅರ್ಧ ಜೋಳ ಬಟ್ಟಲು ತಪ್ಪಿ ನೆಲಕ್ಕೆ ಬಿತ್ತು.

"ಇರ್ಲಿ ಬಿಡ್ರಿ," ಎಂದ ಫಕೀರಪ್ಪ, "ಅಲ್ಲೂ ಹುಟ್ತಾವು."