ತುಕ್ಕು ಹಿಡಿಯದ ರಕ್ತನಾಳ

"ವಿಮಾನಕ್ಕೇ ತುಕ್ಕು ಹಿಡೀಗೊಡಲ್ಲ ನಾನು, ನನ್ನ ರಕ್ತನಾಳಕ್ಕ ಹಿಡೀಗೊಡ್ತೀನೇನು?" ಎಂದು ಪ್ರಭಾಕರ ಶಪಥಗೈದ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ತುಕ್ಕು ತಡೆಯುವುದೇ ಅವನ ಕೆಲಸ. ರಕ್ತನಾಳದ ಒಳಗೋಡೆಯ ಜೀವಕೋಶಗಳೂ ಆಕ್ಸಿಡೇಶನ್ನಿಗೆ ಹಾಳಾಗುತ್ತವೆ, ಕಪ್ಪು ದ್ರಾಕ್ಷಿಯ ಸಿಪ್ಪೆಯ ಸತ್ವ ಅವನ್ನು ಕಾಯುತ್ತದೆ ಎಂದು ಎಲ್ಲೋ ಓದಿದ್ದೇ ತಡ, ನಾಶಿಕದ ಮಾರ್ಕೆಟ್ಟಿನಿಂದ ಬುಟ್ಟಿಗಟ್ಟಲೆ ದ್ರಾಕ್ಷಿ ಬಂತು. ನಮ್ಮವರಿಗೆ ಯಾವ ಹಣ್ಣು ಕಂಡರೂ ಉಪ್ಪಿನಕಾಯಿಯದೇ ನೆನಪು! ಸಿಪ್ಪೆ ಸಮೇತ ಕಿವುಚಿ, ಬೆಲ್ಲ ಬೆರೆಸಿ, ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹದಿನೈದು ದಿನ ಬಿಸಿಲಿಗಿಟ್ಟ.

"ರೀ, ಭರಣಿ ಗುಳುಗುಳು ಅನ್ಲಿಕತ್ತದ," ಎಂದಳು ಹೆಂಡತಿ ವಿದ್ಯಾವತಿ.

"ಸತ್ವ ಬಿಡ್ಲಿಕತ್ತದ. ನಿನಗ ವಿಜ್ಞಾನ ತಿಳಿಯಲ್ಲ, ಸುಮ್ನಿರು!"

ಶಿವರಾತ್ರಿಯ ಮುಂಜಾನೆ ಉಪವಾಸದ ಹೊಟ್ಟೆಗೆ ಭರಣಿಯ ರಸ ಎರಡು ಲೋಟ ಇಳಿಸಿ (ಹಣ್ಣು ನಡೆಯುತ್ತದಲ್ಲ!) ಎಲ್ಲೋರದ ಬಳಿಯ ವೇರೂಳಿನ ಘೃಷ್ಣೇಶ್ವರನ ದರ್ಶನಕ್ಕೆ ಕಾರು ಹೊರಡಿಸಿದ. ಪಕ್ಕದಲ್ಲಿ ವಿದ್ಯಾವತಿ; ಹಿಂದಿನ ಸೀಟಿನಲ್ಲಿ ಅವಳ ತಂದೆ ಸಾಯಬಣ್ಣ, ಯಾದಗಿರಿ ಕಡೆಯ ಪಾನನಿಷೇಧ ಸಂಘದ ಅಧ್ಯಕ್ಷರು. ಹಿರಿಯಳಿಯ ಒಮ್ಮೆ ಬಿಯರ್ ಕುಡಿದನೆಂದು ಆರು ವರ್ಷದಿಂದ ಅವನೊಂದಿಗೆ ಮಾತಿಲ್ಲ!

ವೈಜಾಪುರ ದಾಟಿದ ಮೇಲೆ ಪೊಲೀಸರ ನಾಕಾಬಂದಿ.

"ಫುಂಕ್ ಮಾರಾ, ಸಾಹೇಬ್," ಎಂದು ಪೊಲೀಸನೊಬ್ಬ ಕುಡಿತ ಪತ್ತೆಹಚ್ಚುವ ಮಶೀನನ್ನು ಬಾಯಿಗೆ ಹಿಡಿದ.

ಕುಡಿಯದವನಿಗೇನು ಭಯ? ಪ್ರಭಾಕರ ಊದಿದ. ಮಶೀನು ಕಿರುಚಿಕೊಂಡಿತು!

ಅವನ ಜೀವ ಬಾಯಿಗೆ ಬಂತು. ಲೈಸೆನ್ಸು, ನೌಕರಿ, ಜೈಲು ಎಲ್ಲ ಆಮೇಲೆ. ಮೊದಲು ಮಾವನ ಮುಖ ನೋಡುವುದು ಹೇಗಪ್ಪಾ ಶಿವನೇ!

"ದಾರೂ ನಾಹೀ ಸಾಹೇಬ್... ದ್ರಾಕ್ಷಿ ಸಿಪ್ಪಿ... ರಕ್ತನಾಳಕ್ಕ..." ಎಂದು ತೊದಲಿದ.

"ಸಗಳೇ ಹೇಚ್ ಸಾಂಗತಾತ್," ಎಂದು ಪೊಲೀಸ ನಕ್ಕ. ಎಲ್ಲರೂ ಹೇಳುವುದು ಅದನ್ನೇ ಅಂತೆ.

ಮಾವ ಧಡಾರನೆ ಬಾಗಿಲು ತೆಗೆದು ಇಳಿದರು. "ಮನಿತನದ ಮಾನ ಕಳದ್ರಿ! ಸರೀರಿ, ಗಾಡಿ ನಾ ಹೊಡೀತೀನಿ!"

"ತುಮ್ಹೀಪಣ್ ಫುಂಕಾ, ಕಾಕಾ."

ಕಾಕಾ ಮೀಸೆ ತಿರುವಿ ಊದಿದರು. ಮಶೀನು ಅಳಿಯನಿಗಿಂತ ಜೋರಾಗಿ ಕಿರುಚಿತು!

ಫೋನು ಹಿಡಿದು ಇಳಿದ ವಿದ್ಯಾವತಿ ಬೆಪ್ಪಾಗಿ ನಿಂತಳು. "ಅಪ್ಪಗ ಬಿ.ಪಿ. ಅದಲ್ಲ ಅಂತ ನಾನೂ ಮುಂಜಾನೆ ಅದೇ ರಸ ಎರಡು ಲೋಟ ಕೊಟ್ಟಿದ್ದೆ. ಭಾಳ ರುಚಿ ಅದ ಅಂತ ಮೂರನೇದು ತಾನೇ ಕೇಳಿ ಇಸ್ಕೊಂಡ!"

ಅಧ್ಯಕ್ಷರ ಮುಖ ಸುಣ್ಣದಂತಾಯಿತು. ಅಳಿಯನ ಎರಡೂ ಕೈ ಹಿಡಿದರು. "ನಿಮ್ಮ ಅತ್ತಿಯವ್ರಿಗೆ ತಿಳೀಬಾರ್ದ್ರಿ, ಕೈ ಮುಗೀತೀನಿ!"

ಪ್ರಭಾಕರನಿಗೆ ಹೋದ ಪ್ರಾಣ ಬಂತು. "ನಾಲಿಗಿ ಕತ್ತರಿಸಿದ್ರೂ ಹೇಳಲ್ರಿ ಮಾವಾರ!"

"ಅವ್ವ ಲೈನ್ ಮ್ಯಾಲೇ ಇದ್ದಾಳಲ್ರಿ," ಎಂದಳು ವಿದ್ಯಾವತಿ. "ಹಾದಿ ತೋರಸ್ತೀನಂತ ವಿಡಿಯೋ ಕಾಲ್ ಹಚ್ಚಿದ್ದೆ."

ಫೋನಿನೊಳಗಿಂದ ಅತ್ತೆಯ ದನಿ ಗುಡುಗಿತು: "ವಿದ್ಯಾ, ಆ ಮಶೀನ್ ಎಲ್ಲಿ ಸಿಗ್ತದ ಕೇಳು. ಇನ್ನ ಮ್ಯಾಲೆ ಇಬ್ರೂ ಊದಿದ ಮ್ಯಾಲೇ ನನ್ನ ಮನಿಯಾಗ ಊಟ!"